ಅಕ್ಕ ತಾನೇ

ಭಾನುವಾರ, ಮಧ್ಯಾಹ್ನ

ಹಲ್ಲಿನ ಡಾಕ್ಟರಾದ ನನ್ನ ಮುದ್ದು ಮಗಳಿಗೆ ನಿನ್ನ ಅಮ್ಮನ ಆಶೀರ್ವಾದಗಳು.

ಕಾಗದ ಕಂಡು ಗಾಬರಿಯಾಗಬೇಡ. ಅಪ್ಪ ಗಟ್ಟಿಯಾಗಿದ್ದಾರೆ. ನನ್ನ ಮಂಡಿ ಮಾತ್ರ ಎಂದಿನಂತೆ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಫೋನ್ ಇರುವಾಗ ಈ ಮುದುಕಿಗೆ ಕಾಗದದ ಹುಚ್ಚು ಯಾಕೆ ಹಿಡಿಯಿತು ಎನ್ನುತ್ತೀಯ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಲೆ ನರೆಯುವ ತನಕ ಊರವರ ಮಾತಿಗೆ ತಂತಿ ಜೋಡಿಸಿದವಳು ನಾನು. ಫೋನಿನಲ್ಲಿ ಗುಟ್ಟು ಹೇಳುವವರನ್ನು ಕಂಡರೆ ನನಗೆ ಈಗಲೂ ಅಯ್ಯೋ ಪಾಪ ಅನ್ನಿಸುತ್ತದೆ. ಅದೂ ಅಲ್ಲದೆ ನಾನು ಫೋನ್ ಎತ್ತಿದರೆ ಸಾಕು, ನಿನ್ನ ಅಪ್ಪ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತುಬಿಡುತ್ತಾರೆ. ಈಗ ಕ್ಷೌರಕ್ಕೆ ಹೋಗಿದ್ದಾರೆ. ಇರುವ ನಾಲ್ಕು ಕೂದಲಿಗೆ ಎಷ್ಟು ಹೊತ್ತು ಬೇಕು ಎಂದು ಕೇಳಬೇಡ. ಕತ್ತರಿಗಿಂತ ಹರಟೆಯೇ ಅಲ್ಲಿ ಹೆಚ್ಚು ಹೊತ್ತು ಆಡುತ್ತದೆ.

ವಿಷಯಕ್ಕೆ ಬರುತ್ತೇನೆ. ಪುಸ್ತಕವನ್ನು ಅಚ್ಚಿಗೆ ಕೊಡಬೇಡ. ಕೊಟ್ಟಿದ್ದರೆ ನಿಲ್ಲಿಸು.

ನಿನಗೆ ಸಿಟ್ಟು ಬರುತ್ತದೆ, ಗೊತ್ತು. ಕ್ಲಿನಿಕ್ಕಿನ ಬಾಗಿಲು ಹಾಕಿ, ಮಗನಿಗೆ ಉಣ್ಣಿಸಿ ಮಲಗಿಸಿ, ಆಮೇಲೆ ಕೂತು ಬರೆದ ಪುಸ್ತಕ ಅದು. ಹಲ್ಲಿನ ಬೇರು ಕಿತ್ತಿದ್ದು ಸಾಲದೆಂದು ವಂಶದ ಬೇರು ಅಗೆಯಲು ಹೊರಟಿದ್ದಾಳೆ ಎಂದು ನಾನೇ ಗೇಲಿ ಮಾಡಿದ್ದೆ. ನದಿಮೂಲ ಋಷಿಮೂಲ ಕೇಳಬಾರದು ಅಂತ ಹಿರಿಯರು ಹೇಳಿದ್ದಾರೆ ಕಣೇ ಎಂದಿದ್ದಕ್ಕೆ, ಕಂಡಕ್ಟರ್ ಮೂಲ ಕೇಳಬಾರದು ಅಂತ ಯಾರೂ ಹೇಳಿಲ್ಲವಲ್ಲ ಎಂದು ನೀನು ಬಾಯಿ ಮುಚ್ಚಿಸಿದ್ದೆ. ಬಸ್ ಕಂಡಕ್ಟರಾಗಿಯೇ ನಿವೃತ್ತರಾದ ನಿನ್ನ ಅಪ್ಪ ಅವತ್ತು ಎಷ್ಟು ನಕ್ಕರು! ಅವರಿಗೆ ಎಂಬತ್ತು ತುಂಬುವ ದಿನ, ಎಲ್ಲರೂ ಸೇರಿದಾಗ, ಅವರದೇ ಪುಸ್ತಕವನ್ನು ಅವರ ಕೈಗೆ ಕೊಡಬೇಕೆಂದು ನೀನು ಅಂದುಕೊಂಡಾಗ ನನಗೂ ಕಣ್ಣು ತುಂಬಿತ್ತು. ಈಗ ಅದೇ ಪುಸ್ತಕ ನನಗೆ ಬಾಯಿಗೆ ಬಿದ್ದ ಬಿಸಿ ತುಪ್ಪವಾಗಿದೆ. ನುಂಗಲೂ ಆಗದು, ಉಗುಳಲೂ ಆಗದು.

ನೀನು ತಿದ್ದಲು ಕಳಿಸಿದ ಹಾಳೆಗಳು ನನ್ನ ಮುಂದೆಯೇ ಇವೆ. ನನ್ನ ಕಡೆಯ ಬಳಗದ ಬಗ್ಗೆ ನೀನು ಬರೆದದ್ದರಲ್ಲಿ ತಪ್ಪು ಕಡಿಮೆ, ಹೊಗಳಿಕೆ ಹೆಚ್ಚು. ಇರಲಿ, ಸತ್ತವರು ಅದನ್ನು ಓದಿ ಉಬ್ಬುವುದಿಲ್ಲ. ತಪ್ಪಿರುವುದು ಅಪ್ಪನ ಕಡೆಯಲ್ಲಿ. ಮೊದಲನೆಯ ಅಧ್ಯಾಯದಲ್ಲಿ ಅವರ ಬಾಯಿಂದ ಕೇಳಿದ್ದನ್ನು ನೀನು ಹಾಗೆ ಹಾಗೇ ಇಳಿಸಿದ್ದೀಯ. ಬಣ್ಣ ಹಾಕುವವರ ಬೀದಿ. ಕೆಳಗೆ ನೂಲಿಗೆ ಬಣ್ಣ ಕಟ್ಟುವ ತೊಟ್ಟಿಗಳು, ಮೇಲೆ ಮನೆ. ಬೀದಿಯ ಚರಂಡಿ ಒಂದು ದಿನ ಕೆಂಪು, ಒಂದು ದಿನ ಹಸಿರು. ಮನೆಯಲ್ಲಿ ಅಮ್ಮ, ಅಕ್ಕ, ಮತ್ತೆ ಯಾರ್ಯಾರೋ. ಅಕ್ಕನ ಕೈ ಮೊಣಕೈವರೆಗೆ ನೀಲಿ. ಜ್ವರದ ವರ್ಷ ಅಮ್ಮ ತೀರಿಕೊಂಡಳು, ಅಕ್ಕ ಎಲ್ಲಿಗೋ ಹೊರಟುಹೋದಳು. ಪಕ್ಕದ ಮನೆಯ ತಗಡು ಕೆಲಸದವನ ಹೆಂಡತಿ ಬಂದು, ‘ನಿಮ್ಮಕ್ಕನೇ ಸೇರಿಸು ಅಂದ್ಲಪ್ಪ’ ಎಂದು ಹೇಳಿ ಅವರನ್ನು ಅನಾಥಾಲಯಕ್ಕೆ ಬಿಟ್ಟಳು.

ಅಲ್ಲಿನ ಆಫೀಸಿನಲ್ಲಿ ನಡೆದ ಮಾತುಕತೆಯನ್ನು ಅವರು ಎಷ್ಟು ಸಲ ಹೇಳಿಲ್ಲ! ನಿನ್ನಮ್ಮ ಎಲ್ಲೋ? ಅಮ್ಮ ಸತ್ತೋದ್ಲು. ಮತ್ತೆ ಯಾರಿದ್ದಾರೆ? ಅಕ್ಕ. ಬೇರೆ ಮಕ್ಕಳೆಲ್ಲ ಗೊಳೋ ಎಂದು ಅಳುತ್ತಿದ್ದಾಗ ತಾನೊಬ್ಬನೇ ಕಂಡಕ್ಟರನ ಹಾಗೆ ಸ್ಪಷ್ಟವಾಗಿ ಉತ್ತರ ಕೊಟ್ಟೆ ಎಂದು ಅವರಿಗೆ ಹೆಮ್ಮೆ. ಆ ಹೆಮ್ಮೆಯ ಬಾಲದಲ್ಲೇ ಇನ್ನೊಂದು ಮಾತು ಬರುತ್ತದೆ, ಅದನ್ನೂ ನೀನು ಬರೆದಿದ್ದೀಯ: ನನ್ನನ್ನು ಹುಡುಕಿಕೊಂಡು ಒಂದು ನರಪಿಳ್ಳೆಯೂ ಬರಲಿಲ್ಲ. ಆ ಮಾತಿನ ಜೊತೆ ನಾನು ಇಷ್ಟು ವರ್ಷ ಸಂಸಾರ ಮಾಡಿದ್ದೇನೆ. ಸ್ಟಾಪಿನಲ್ಲಿ ಯಾರಾದರೂ ಓಡಿಬರುವುದು ಕಂಡರೆ ಬಸ್ಸು ಹೊರಡಲು ಅವರು ಸೀಟಿ ಊದುತ್ತಿರಲಿಲ್ಲ. ತಡವಾಯಿತೆಂದು ಮೇಲಿನವರು ಬೈದರೂ ಊದುತ್ತಿರಲಿಲ್ಲ. ನೀನು ಸ್ಕೂಲು ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಎಲ್ಲರಿಗಿಂತ ಮೊದಲು ನಿಂತಿರುತ್ತಿದ್ದ ಅಪ್ಪ ಅವರೇ. ಅದು ಬರೀ ಪ್ರೀತಿಯಲ್ಲ ಮಗಳೇ, ಭಯವೂ ಆಗಿತ್ತು.

ಹುಟ್ಟುಹಬ್ಬದೊಳಗೆ ಆ ಅಕ್ಕನ ಗುರುತೇನಾದರೂ ಸಿಗುತ್ತದೋ ನೋಡಮ್ಮ ಎಂದು ನೀನು ಕೇಳಿದೆ. ಒಂದು ಫೋಟೋ, ಅವಳನ್ನು ಕಂಡವರ ಒಂದು ಮಾತು, ಏನಾದರೂ. ವಂಶವೃಕ್ಷದಲ್ಲಿ ಅಪ್ಪನ ಪಕ್ಕದಲ್ಲಿ ಅಕ್ಕ ಎಂದು ಬರೆದು, ಅವಳಿಂದ ಕೆಳಗೆ ಗೆರೆ ಎಳೆಯಲು ಏನೂ ಇಲ್ಲದೆ, ‘ಮಕ್ಕಳಿಲ್ಲ’ ಎಂದು ಪೆನ್ಸಿಲಿನಲ್ಲಿ ಸೇರಿಸಿದ್ದೆ. ಅದು ನಿನ್ನ ಊಹೆ. ನನಗೂ ಅದೇ ಸರಿ ಅನ್ನಿಸಿತ್ತು. ಡಾಕ್ಟರಿಗೆ ಕಣ್ಣು ತೋರಿಸಿಕೊಂಡು ಬರುತ್ತೇನೆ ಎಂದು ಅಪ್ಪನಿಗೆ ಸುಳ್ಳು ಹೇಳಿ ನಾನು ಬಣ್ಣದ ಬೀದಿಗೆ ಹೋದೆ. ಈ ವಯಸ್ಸಿನಲ್ಲಿ ಗಂಡನ ಕಣ್ಣು ತಪ್ಪಿಸಿ ತಿರುಗುವುದರಲ್ಲೂ ಒಂದು ಮಜಾ ಇದೆ ಎಂದು ದಾರಿಯಲ್ಲಿ ನನ್ನಷ್ಟಕ್ಕೆ ನಗುತ್ತಿದ್ದೆ. ನಕ್ಕಿದ್ದು ಅವತ್ತೇ ಕೊನೆ.

ಆ ಬೀದಿಯಲ್ಲಿ ಈಗ ಚರಂಡಿಯ ಮೇಲೆ ಕಲ್ಲು ಹಾಸಿದ್ದಾರೆ. ತೊಟ್ಟಿಗಳಿದ್ದ ಕಡೆ ಗಾಡಿಗಳ ಬಿಡಿಭಾಗದ ಅಂಗಡಿಗಳು. ಮಾಸಿದ ಪ್ಯಾಂಟುಗಳಿಗೆ ಕಪ್ಪು ಬಣ್ಣ ಹಾಕಿಕೊಡುವ ಒಂದೇ ಒಂದು ಅಂಗಡಿ ಉಳಿದಿದೆ. ಹಳಬರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದೆ. ಅವನು ಎದುರಿನ ಕಟ್ಟಡದ ಮೇಲ್ಮಹಡಿಗೆ ಕೈ ತೋರಿಸಿ, ‘ಬಣ್ಣದಜ್ಜಿ ಅವ್ರೆ, ಮೊಮ್ಮಗಳ ಮನೇಲಿ. ಕಿವಿ ಚುರುಕು, ಬಾಯಿ ಅದಕ್ಕಿಂತ ಚುರುಕು. ನೋಡ್ಕೊಂಡು ಮಾತಾಡಿ’ ಎಂದ. ನನ್ನ ಮಂಡಿಯನ್ನು ಬೈಯುತ್ತಾ ಮೆಟ್ಟಿಲು ಹತ್ತಿದೆ.

ಚಿಕ್ಕ ಕೋಣೆ. ಒಂದು ಮಂಚ, ಹೊಲಿಗೆ ಯಂತ್ರ, ಕಿಟಕಿಯ ಸರಳಿಗೆ ಒಣಹಾಕಿದ ಮಗುವಿನ ಬಟ್ಟೆಗಳು. ಕಡ್ಡಿಯ ಹಾಗಿರುವ ಅಜ್ಜಿ ಮಂಚದ ಮೇಲೆ ಕೂತು ಸ್ವೆಟರ್ ಒಂದನ್ನು ಬಿಚ್ಚಿ ಉಂಡೆ ಸುತ್ತುತ್ತಿದ್ದಳು. ಹಳೆಯ ಬೀದಿಯ ಬಗ್ಗೆ ಪುಸ್ತಕ ಬರೆಯುತ್ತಿದ್ದೇವೆ ಎಂದೆ. ನಾನು ಯಾರ ಹೆಂಡತಿ ಎಂದು ಹೇಳಲಿಲ್ಲ. ಮೊದಲು ಲೈನು ಸರಿಯಾಗಿದೆಯೇ ನೋಡಿ ಆಮೇಲೆ ಮಾತು ಜೋಡಿಸು ಎನ್ನುವುದು ನಮ್ಮ ಎಕ್ಸ್‌ಚೇಂಜಿನ ಪಾಠ. ನೀಲಿ ಬಣ್ಣದ ತೊಟ್ಟಿಯ ಮನೆಯಲ್ಲಿ ಒಂದು ಗಂಡುಮಗು ಇತ್ತೇ, ಜ್ವರದ ವರ್ಷ ಕಳೆದುಹೋದದ್ದು, ಎಂದು ಕೇಳಿದೆ.

ಉಂಡೆ ಸುತ್ತುವ ಕೈ ನಿಂತಿತು. ‘ಅದು ನಮ್ಮನೇನೇ. ಅಕ್ಕನ ಮಗು.’

ಅಕ್ಕನ ಮಗು ಅಲ್ಲ, ಅಕ್ಕನ ತಮ್ಮ, ಎಂದು ತಿದ್ದಿದೆ.

‘ಅಕ್ಕಂಗೆ ಇದ್ದಿದ್ದು ಇಬ್ಬರೇ ತಮ್ಮಂದಿರು. ಇಬ್ರಿಗೂ ಮೀಸೆ ಬಂದಿತ್ತು. ಕೊನೇ ತಂಗಿ ನಾನು. ತಮ್ಮ ಕಳೆದುಹೋದ ಅಂತ ಯಾರು ಹೇಳಿದ್ದು ನಿಮಗೆ?’

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗಾಯಿತು ನಮ್ಮ ಮಾತು. ಅಜ್ಜಿಗೆ ಅರಳುಮರಳು ಎಂದುಕೊಂಡು ನಾನು, ಲೈನು ಕೆಟ್ಟಾಗ ಕೂಗುತ್ತೇವಲ್ಲ ಹಾಗೆ, ದನಿ ಏರಿಸಿ ಒಂದೊಂದೇ ಪದ ಬಿಡಿಸಿ ಹೇಳಿದೆ. ಆ ಮಗುವಿನ ಅಮ್ಮ ಜ್ವರದಲ್ಲಿ ಹೋದಳಲ್ಲ? ಅಜ್ಜಿಗೆ ರೇಗಿತು. ‘ಕಿರುಚ್ಬೇಡಿ, ನನಗೆ ಕಿವಿ ಕೇಳ್ಸುತ್ತೆ. ಹೋಗಿದ್ದು ನಮ್ಮಮ್ಮ. ಮಗೂಗೆ ಅಜ್ಜಿ.’ ಮಗು ಅವರನ್ನು ಏನೆಂದು ಕರೆಯುತ್ತಿತ್ತು ಎಂದು ದನಿ ತಗ್ಗಿಸಿ ಕೇಳಿದೆ.

‘ಅಮ್ಮ ಅಂತ. ನಾವೆಲ್ಲ ಅಮ್ಮ ಅಂತಿದ್ವಲ್ಲ, ಅದೂ ಅಮ್ಮ ಅಂತಿತ್ತು.’

ಮತ್ತೆ ಹೆತ್ತವಳನ್ನು?

‘ಅಕ್ಕ ಅಂತ. ಗಂಡ ಸತ್ತ ಮೇಲೆ ಅಕ್ಕ ಕೈಗೂಸು ಎತ್ಕೊಂಡು ತವರಿಗೆ ಬಂದ್ಲು. ಮನೆ ತುಂಬ ತಮ್ಮಂದಿರು, ತಂಗೀರು. ಎಲ್ರೂ ಅಕ್ಕ ಅಕ್ಕ ಅಂತ ಕೂಗೋರು. ಮಗೂಗೆ ಮಾತು ಬಂದಾಗ ಅದೂ ಅಕ್ಕ ಅಂತು. ಯಾರೂ ತಿದ್ದಲಿಲ್ಲ. ಕೇಳೋಕೆ ಮುದ್ದಾಗಿತ್ತು.’

ಕೇಳಲು ಮುದ್ದಾಗಿತ್ತಂತೆ. ಮಗಳೇ, ನಾವಿಬ್ಬರೂ ಇದನ್ನು ಊಹಿಸಲಿಲ್ಲವಲ್ಲ! ನಮ್ಮ ಎದುರು ಮನೆಯ ಹುಡುಗ ತನ್ನ ತಾಯಿಯನ್ನು ಅತ್ತಿಗೆ ಎಂದು ಕರೆಯುತ್ತಿರಲಿಲ್ಲವೇ? ನನ್ನ ಸೋದರಮಾವನ ಮಕ್ಕಳು ಅವನನ್ನು ಸಾಯುವ ತನಕ ಅಣ್ಣ ಎಂದೇ ಕರೆದರು. ನೀನೂ ಕಡಿಮೆಯವಳಲ್ಲ. ಎಕ್ಸ್‌ಚೇಂಜಿನಲ್ಲಿ ನನ್ನ ಕಾಲ ಬುಡದಲ್ಲಿ ಆಡಿ ಬೆಳೆದವಳು, ಮಾತು ಬಂದ ಹೊಸತರಲ್ಲಿ ನನ್ನನ್ನು ಕರೆದದ್ದು ‘ಹಲೋ’ ಎಂದು. ಆಗ ನೀನು ಎಲ್ಲಾದರೂ ಕಳೆದುಹೋಗಿ ಯಾರಾದರೂ ಅಮ್ಮ ಎಲ್ಲಿ ಎಂದು ಕೇಳಿದ್ದರೆ, ಅಮ್ಮ ಇಲ್ಲ, ಹಲೋ ಇದ್ದಾಳೆ ಎನ್ನುತ್ತಿದ್ದೆ. ಇದೆಲ್ಲ ಗೊತ್ತಿದ್ದೂ ವಂಶವೃಕ್ಷ ಬರೆಯಲು ಕೂತಾಗ ನಮಗೆ ಅಕ್ಕ ಎಂದರೆ ಅಕ್ಕನೇ ಆದಳು, ಅಮ್ಮ ಎಂದರೆ ಅಮ್ಮನೇ ಆದಳು. ಐದು ವರ್ಷದ ಮಗು ಸ್ಪಷ್ಟವಾಗಿ ಕೊಟ್ಟ ಉತ್ತರದಲ್ಲಿ ಒಂದು ಸುಳ್ಳೂ ಇರಲಿಲ್ಲ. ಬರೆದುಕೊಂಡವನೂ ಕೇಳಿದ್ದನ್ನೇ ಬರೆದ. ಯಾರ ಮೇಲೆ ಸಿಟ್ಟು ಮಾಡಲಿ ಹೇಳು.

ಅಕ್ಕ ಎಲ್ಲಿಗೂ ಹೊರಟುಹೋಗಿರಲಿಲ್ಲ. ಅವಳಿಗೂ ಜ್ವರ ಬಂದು, ಸಾಂಕ್ರಾಮಿಕದವರನ್ನು ಕೂಡಿಹಾಕುವ ಆಸ್ಪತ್ರೆಗೆ ಅವಳನ್ನು ಸಾಗಿಸಿದ್ದರು. ಗಾಡಿ ಹತ್ತುವಾಗ, ಮಗುವನ್ನು ಎಲ್ಲಾದರೂ ಸುರಕ್ಷಿತವಾಗಿ ಇಡು ಎಂದು ತಗಡು ಕೆಲಸದವನ ಹೆಂಡತಿಯ ಕೈ ಹಿಡಿದು ಬೇಡಿಕೊಂಡಳಂತೆ. ಮನೆಯಲ್ಲಿ ಉಳಿದವರೂ ಜ್ವರದಲ್ಲಿ ಮಲಗಿದ್ದರಂತೆ. ಆ ಪುಣ್ಯಾತ್ಮಳು ಹೇಳಿದಷ್ಟು ಮಾಡಿದಳು. ತಿಂಗಳುಗಳಾದ ಮೇಲೆ ಅಕ್ಕ ಬದುಕಿ ಬಂದಾಗ ಆ ಹೆಂಗಸೇ ಅನಾಥಾಲಯದ ದಾರಿಯನ್ನೂ ಹೇಳಿಕೊಟ್ಟಳು. ಅಕ್ಕ ಹೋಗಿ, ನನ್ನ ಮಗನನ್ನು ಕರೆದುಕೊಂಡು ಹೋಗಲು ಬಂದಿದ್ದೇನೆ ಎಂದಳು. ಆಫೀಸಿನವನು ಪುಸ್ತಕ ತಿರುವಿ ಹಾಕಿ, ನಿಮ್ಮ ಬೀದಿಯ ಹುಡುಗ ಒಬ್ಬನಿದ್ದಾನೆ, ಆದರೆ ಅವನ ತಾಯಿ ಸತ್ತಿದ್ದಾಳೆ, ಅವನೇ ಹೇಳಿದ್ದು, ಎಂದ. ಅಕ್ಕ ಅಳುತ್ತಾ ಅರ್ಧ ದಾರಿ ವಾಪಸು ಬಂದ ಮೇಲೆ ಅವಳ ತಲೆಗೆ ಹೊಳೆಯಿತು. ಹಾಗೇ ತಿರುಗಿ ಓಡಿಹೋಗಿ, ಸ್ವಾಮೀ, ಅವನು ನನ್ನನ್ನು ಅಕ್ಕ ಅಂತ ಕರೆಯುತ್ತಾನೆ, ನಾನೇ ಆ ಅಕ್ಕ ಎಂದಳು. ಅವನು ಏನೆಂದ ಗೊತ್ತೇ? ‘ಬೆಳಿಗ್ಗೆ ತಾಯಿ ಅಂದೆ, ಈಗ ಅಕ್ಕ ಅಂತೀಯ. ನಾಳೆ ಬಂದು ಅಜ್ಜಿ ಅಂತೀಯೇನಮ್ಮ?’

ಆ ಕಾಲದಲ್ಲಿ ಮಕ್ಕಳನ್ನು ಸುಳ್ಳು ಹೇಳಿ ಕರೆದೊಯ್ಯುವವರ ಕಾಟ ಇತ್ತಂತೆ. ಹುಡುಗನನ್ನು ತೋರಿಸಿ ಕೇಳಿ ಎಂದರೆ, ಹೊರಗಿನವರಿಗೆ ಮಕ್ಕಳನ್ನು ತೋರಿಸುವ ಹಾಗಿಲ್ಲ ಎಂದರು. ಮನೆಯವರು ಸಾಕ್ಷಿಗೆ ಹೋದರೆ, ನೀವೂ ಅವಳ ಕಡೆಯವರೇ ಎಂದರು. ಅವಳು ಇಟ್ಟಿದ್ದ ಹೆಸರು ಹೇಳಿದರೆ ಆ ಹೆಸರಿನವನು ಇಲ್ಲ ಎಂದರು. ಮನೆಯಲ್ಲಿ ಯಾರೂ ಅವನನ್ನು ಆ ಹೆಸರಿನಿಂದ ಕರೆದಿರಲಿಲ್ಲವಲ್ಲ, ಅವನಿಗೇ ಅದು ಗೊತ್ತಿರಲಿಲ್ಲ, ಅನಾಥಾಲಯದವರು ತಮಗೆ ತೋಚಿದ ಹೆಸರು ಬರೆದುಕೊಂಡಿದ್ದರು. ನಿಂತಲ್ಲಿ ನಿಲ್ಲದೆ ಗಿರಗಿರ ಸುತ್ತುವ ಮಗುವಿಗೆ ಎಲ್ಲರೂ ‘ಬುಗುರಿ’ ಎನ್ನುತ್ತಿದ್ದರು. ನಿನ್ನ ಪುಸ್ತಕದಲ್ಲಿ ಅಪ್ಪ ಹೇಳಿದ್ದಾರೆ, ಮನೆಯಲ್ಲಿ ನನ್ನನ್ನು ಏನೋ ಒಂದು ಕರೆಯುತ್ತಿದ್ದರು, ಅದು ಮರೆತೇಹೋಗಿದೆ ಎಂದು. ಬುಗುರಿ. ನಮ್ಮ ಮನೆಯ ಯಜಮಾನರು ಬುಗುರಿ. ಕುರ್ಚಿ ಬಿಟ್ಟು ಏಳಲು ಎರಡು ಸಲ ಹೇಳಿಸಿಕೊಳ್ಳುವ ಮನುಷ್ಯ!

ಇಲ್ಲಿಯವರೆಗಿನದಾಗಿದ್ದರೆ ನಾನು ಅತ್ತುಕೊಂಡಾದರೂ ಮನೆಗೆ ಬಂದು ಅವರ ಕೈ ಹಿಡಿದು ಎಲ್ಲವನ್ನೂ ಹೇಳಿಬಿಡುತ್ತಿದ್ದೆ. ಇದರ ಮುಂದಿನದನ್ನು ಹೇಗೆ ಬರೆಯಲಿ? ನಿನ್ನ ನಾಲ್ಕನೆಯ ಅಧ್ಯಾಯವನ್ನು ಒಂದು ಸಲ ತೆಗೆದು ನೋಡು. ‘ಗೇಟಿನ ಹುಚ್ಚಿ.’ ಪುಸ್ತಕದಲ್ಲೆಲ್ಲ ಅದೇ ಚೆನ್ನಾಗಿದೆ ಎಂದು ನಾನೇ ಹೇಳಿದ್ದೆ. ನಮ್ಮ ಮನೆಗೆ ಬಂದವರಲ್ಲಿ ಅಪ್ಪನ ಆ ನಾಟಕ ನೋಡದೆ ಹೋದವರು ಯಾರಿದ್ದಾರೆ? ಅನಾಥಾಲಯದ ಗೇಟಿಗೆ ವಾರ ವಾರ ಬಂದು ನಿಲ್ಲುತ್ತಿದ್ದ ಹುಚ್ಚಿ. ಮಹಡಿಯ ಕಿಟಕಿಯಲ್ಲಿ ಹುಡುಗರ ಗುಂಪು. ಅಪ್ಪ ನನ್ನ ಶಾಲು ಹೊದ್ದು, ಎರಡೂ ಕೈಗಳನ್ನು ಶಾಲಿನೊಳಗೆ ಬಚ್ಚಿಟ್ಟುಕೊಂಡು, ಕತ್ತು ಮುಂದೆ ಚಾಚಿ, ಹಿಂದಕ್ಕೂ ಮುಂದಕ್ಕೂ ತೂಗುತ್ತಾ, ಮೂಗಿನಲ್ಲಿ ರಾಗ ಎಳೆಯುತ್ತಾರೆ: ‘ನನ್ನ ಮಗು ಒಳಗಿದೆ, ಕೊಡ್ರಪ್ಪಾ... ನನ್ನ ಮಗು ಕೊಡ್ರಪ್ಪಾ...’ ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಗುತ್ತೇವೆ. ನಿನ್ನ ಮಗ ಅದನ್ನು ತಾತನಿಗಿಂತ ಚೆನ್ನಾಗಿ ಮಾಡುತ್ತಾನೆ. ಹುಟ್ಟುಹಬ್ಬಕ್ಕೆ ತಾತ ಮೊಮ್ಮಗ ಜೋಡಿಯಾಗಿ ಮಾಡುತ್ತಾರೆಂದು ನೀನು ಬರೆದಿದ್ದೆ.

ಬಣ್ಣದಜ್ಜಿ ಮಂಚದಿಂದ ಇಳಿದಳು. ಪುಸ್ತಕ ಬರೀತೀರಲ್ಲ, ಅಕ್ಕ ಹೇಗಿದ್ಲು ಅಂತ ನೋಡಿ, ಎಂದಳು. ಮೂಲೆಯಲ್ಲಿದ್ದ ಶಾಲು ತೆಗೆದು ಹೊದ್ದಳು. ನೀಲಿ ಕೈ ಕಂಡರೆ ಮರ್ಯಾದಸ್ಥರು ಹತ್ತಿರ ಸೇರಿಸುವುದಿಲ್ಲವೆಂದು ಅಕ್ಕ ಯಾವಾಗಲೂ ಕೈ ಬಚ್ಚಿಟ್ಟುಕೊಳ್ಳುತ್ತಿದ್ದಳಂತೆ. ಅಜ್ಜಿ ಎರಡೂ ಕೈಗಳನ್ನು ಶಾಲಿನೊಳಗೆ ಸೇರಿಸಿದಳು. ಕತ್ತು ಮುಂದೆ ಚಾಚಿದಳು. ತೂಗತೊಡಗಿದಳು. ‘ನನ್ನ ಮಗು ಒಳಗಿದೆ, ಕೊಡ್ರಪ್ಪಾ...’

ಅದೇ ರಾಗ. ನಮ್ಮ ಹಜಾರದಲ್ಲಿ, ನಮ್ಮ ಸೋಫಾದ ಮುಂದೆ, ನಾನು ಸಾವಿರ ಸಲ ಕೇಳಿದ ರಾಗ.

ಅಜ್ಜಿ ನಿಲ್ಲಿಸಲಿಲ್ಲ, ಅವಳ ಕೂಗಿಗೆ ಇನ್ನೂ ಒಂದು ಸಾಲಿತ್ತು. ಮುಖವನ್ನು ಮಹಡಿಯ ಕಿಟಕಿಯ ಕಡೆ ಎನ್ನುವ ಹಾಗೆ ಮೇಲೆತ್ತಿ, ದನಿಯನ್ನು ಮೆಲ್ಲಗೆ ಮಾಡಿ ಕರೆದಳು: ‘ಬುಗುರೀ, ಅಕ್ಕ ಬಂದಿದ್ದೀನಿ ಕಣೋ.’

ಈ ಸಾಲು ಅಪ್ಪನ ನಾಟಕದಲ್ಲಿಲ್ಲ, ಗಮನಿಸಿದೆಯಾ? ಅದೊಂದೇ ನನಗೆ ಉಳಿದಿರುವ ಆಸರೆ. ಮಹಡಿ ಎತ್ತರ, ಹುಡುಗರ ಗದ್ದಲ, ಮೆಲ್ಲಗಿನ ದನಿ. ಅವರಿಗೆ ಮೊದಲಿನ ಕೂಗು ಮಾತ್ರ ಕೇಳಿಸಿರಬೇಕು, ಯಾರೋ ಹುಚ್ಚಿ ಎಂದುಕೊಂಡಿರಬೇಕು. ಹೆಸರು ಕೇಳಿಸಿದ್ದರೆ ಯಾವ ಮಗು ತಾನೇ ಸುಮ್ಮನೆ ನಿಂತೀತು? ದೇವರು ಅಷ್ಟರಮಟ್ಟಿಗಾದರೂ ಕಣ್ಣು ಬಿಟ್ಟ ಎಂದುಕೊಂಡು ಮೆಟ್ಟಿಲು ಇಳಿದೆ.

ಬಣ್ಣದ ಮನೆಗೆ ರಜೆ ಇರುವ ದಿನವೆಲ್ಲ ಅಕ್ಕ ಗೇಟಿಗೆ ಹೋಗುತ್ತಿದ್ದಳಂತೆ. ವರ್ಷಗಟ್ಟಲೆ. ಕೊನೆಕೊನೆಗೆ ಎದೆ ಕೆಟ್ಟು ಕೆಮ್ಮು ಹತ್ತಿತು, ಆದರೂ ಹೋದಳು. ಒಂದು ರಜೆಯ ದಿನ ಚಪ್ಪಲಿ ಮೆಟ್ಟಿಕೊಂಡು ಬಾಗಿಲ ಹತ್ತಿರ ಕೂತವಳು ಏಳಲಿಲ್ಲ. ಬಣ್ಣದಜ್ಜಿ ಇದನ್ನು ಹೇಳುವಾಗ ಅಳಲಿಲ್ಲ. ಅತ್ತು ಮುಗಿದಿದೆ ಅವಳದು. ಹೊರಡುವಾಗ ನನ್ನ ಕೈ ಹಿಡಿದು, ‘ಹುಡುಗ ಸಿಕ್ಕಿದ್ನಾ?’ ಎಂದು ಕೇಳಿದಳು. ಎಂಬತ್ತರ ಗಂಡಸು ಅವಳಿಗೆ ಇನ್ನೂ ಹುಡುಗ. ನಾನು, ಇನ್ನೂ ಹುಡುಕುತ್ತಿದ್ದೇವೆ ಎಂದುಬಿಟ್ಟೆ. ‘ಬೇಗ ಹುಡುಕಿ. ನಾನೂ ಹೋಗ್ಬಿಟ್ರೆ ಅವನ್ನ ಬುಗುರಿ ಅನ್ನೋಕೆ ಯಾರೂ ಇರಲ್ಲ’ ಎಂದಳು.

ಆವತ್ತಿನಿಂದ ಊಟ ಸೇರುತ್ತಿಲ್ಲ. ಅಪ್ಪ ಪಕ್ಕದಲ್ಲಿ ಪೇಪರ್ ಓದುತ್ತಾ ಕೂತಿದ್ದರೆ ಅವರ ಕಿವಿ ನೋಡುತ್ತೇನೆ. ಆ ಕಿವಿಗೆ ಬಿದ್ದಿತ್ತಲ್ಲ ಆ ಕೂಗು ಎಂದುಕೊಳ್ಳುತ್ತೇನೆ. ಕಣ್ಣಿನ ಡಾಕ್ಟರು ಏನಂದರು ಎಂದು ಕೇಳಿದರು. ಪೊರೆ ಬಂದಿದೆಯಂತೆ ಎಂದೆ. ಅದಕ್ಯಾಕೆ ಸಪ್ಪೆ ಮುಖ, ತೆಗೆಸಿದರಾಯಿತು ಬಿಡು ಎಂದು ಸಮಾಧಾನ ಹೇಳಿದರು. ಈ ಪೊರೆ ತೆಗೆಸುವಂಥದ್ದಲ್ಲ.

ಯೋಚಿಸಿ ಯೋಚಿಸಿ ನನಗೆ ಕಂಡ ದಾರಿ ಇಷ್ಟು. ನಾಲ್ಕನೆಯ ಅಧ್ಯಾಯವನ್ನು ಪೂರ್ತಿ ಕಿತ್ತುಹಾಕು. ನಿನ್ನ ಮಗನಿಗೆ ಏನಾದರೂ ನೆಪ ಹೇಳಿ ಆ ಅಣಕ ಬಿಡಿಸು, ಬೇಕಿದ್ದರೆ ಗದರಿಸು. ವಂಶವೃಕ್ಷ ತಿದ್ದು. ನೀನು ಬಂದ ಮೇಲೆ ನಾವಿಬ್ಬರೂ ಅಪ್ಪನ ಆಚೆ ಈಚೆ ಕೂತು, ಅಕ್ಕ ಅಕ್ಕನಲ್ಲ, ಅಮ್ಮ, ಅವಳು ನಿಮ್ಮನ್ನು ಬಿಟ್ಟುಹೋಗಲಿಲ್ಲ, ಆಫೀಸಿಗೆ ಬಂದು ಕೇಳಿದಳು, ಅವರು ಕೊಡಲಿಲ್ಲ ಎಂದು ಹೇಳೋಣ. ಅಲ್ಲಿಗೆ ನಿಲ್ಲಿಸೋಣ. ಗೇಟಿನ ಸುದ್ದಿ ನಮ್ಮಿಬ್ಬರ ಜೊತೆಯೇ ಮಣ್ಣಾಗಲಿ. ಆಮೇಲೆ ಅವರನ್ನು ಬಣ್ಣದಜ್ಜಿಯ ಹತ್ತಿರ ಕರೆದೊಯ್ಯೋಣ. ಅವಳಿಗೂ ಮೊದಲೇ ಹೇಳಿ ಬಾಯಿ ಕಟ್ಟಬೇಕು. ನನ್ನನ್ನು ಹುಡುಕಿಕೊಂಡು ಯಾರೂ ಬರಲಿಲ್ಲ ಎನ್ನುವ ಮುಳ್ಳನ್ನು ತೆಗೆಯದೆ ಆ ಮನುಷ್ಯನನ್ನು ಕಳಿಸಿಕೊಡಲು ನನಗೆ ಮನಸ್ಸಿಲ್ಲ. ಅರ್ಧ ಸತ್ಯವೇ ಇರಲಿ, ಅವರ ಪಾಲಿಗೆ ಅದೇ ಊಟವಾಗುತ್ತದೆ. ಇದು ಸರಿಯೋ ತಪ್ಪೋ ನೀನೇ ಹೇಳು, ನನ್ನ ಬುದ್ಧಿ ಓಡುತ್ತಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಒಬ್ಬಳೇ ಆಡಲು ಭಯ, ಬೇಗ ಬಾ.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಗುತ್ತಿದೆ. ಮುಗಿಸುತ್ತೇನೆ.

ನಿನ್ನ ಅಮ್ಮ
(ಹೆತ್ತವಳೇ, ಅನುಮಾನ ಬೇಡ)

ಮತ್ತೆ ಬರೆಯುವುದು: ಸೋಮವಾರ, ಬೆಳಿಗ್ಗೆ. ಮೇಲಿನದನ್ನು ಓದಿ ಏನೂ ಮಾಡಬೇಡ, ಮೊದಲು ಇದನ್ನು ಓದು. ನಿನ್ನೆ ಅವರು ಬಂದಾಗ ಕಾಗದವನ್ನೇನೋ ಬಚ್ಚಿಟ್ಟೆ, ನಿನ್ನ ಹಾಳೆಗಳು ಮಾತ್ರ ಮೇಜಿನ ಮೇಲೇ ಉಳಿದವು. ಅವರು ನಾಲ್ಕನೆಯ ಅಧ್ಯಾಯ ಓದಿದರು. ಮೊಮ್ಮಗನ ಮುಂದೆ ಸೋಲಬಾರದು, ಒಂದು ಸಲ ಅಭ್ಯಾಸ ಮಾಡುತ್ತೇನೆ ಎಂದು ನನ್ನ ಶಾಲು ಎಳೆದುಕೊಂಡರು. ತೂಗಿದರು, ಕೂಗಿದರು. ನಾನು ಎಂದಿನಂತೆ ನಕ್ಕೆ. ಹೌದು, ನಕ್ಕೆ. ಯಾವಾಗಲೂ ನಿಲ್ಲಿಸುವ ಕಡೆ ಅವರು ನಿಲ್ಲಿಸಲಿಲ್ಲ. ಮುಖ ಮೇಲೆತ್ತಿ ಮೆಲ್ಲಗೆ, ‘ಬುಗುರೀ, ಅಕ್ಕ ಬಂದಿದ್ದೀನಿ ಕಣೋ’ ಎಂದರು. ಶಾಲು ಹೊದ್ದೇ ಕೂತುಬಿಟ್ಟರು. ಪುಸ್ತಕಕ್ಕೆ ಇದನ್ನೂ ಸೇರಿಸಲು ಹೇಳು ಅವಳಿಗೆ, ಸಾಯೋ ಮುಂಚೆ ಒಂದು ಸಲವಾದರೂ ಪೂರ್ತಿ ಹೇಳಬೇಕು ಎಂದರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು: ‘ನನಗೆ ಗೊತ್ತಿತ್ತು ಕಣೇ, ಅದು ನಮ್ಮಕ್ಕ ಅಂತ. ನನ್ನ ಬಿಟ್ಟು ಹೋದೋಳು ಈಗ ಯಾಕೆ ಬಂದ್ಲು ಅಂತ ಸಿಟ್ಟು. ಹುಡುಗರು ನಗ್ತಿದ್ರು. ಅವಳು ನಮ್ಮೋಳು ಅಂತ ಗೊತ್ತಾದ್ರೆ ನನ್ನ ನೋಡಿ ನಗ್ತಾರಲ್ಲ ಅಂತ ನಾನೇ ಅವಳ ಥರ ಮಾಡಿ ತೋರಿಸ್ದೆ. ಇನ್ನೊಂದು ವಾರ ಕೂಗ್ಲಿ, ಆಮೇಲೆ ಇಳಿದು ಹೋಗ್ತೀನಿ ಅಂತಿದ್ದೆ. ಆಮೇಲೆ ಅವಳು ಬರಲೇ ಇಲ್ಲ.’

ಶಾಲಿನ ಅಂಚು ಮಡಿಸುತ್ತಾ ಅಂದರು: ‘ಅಮ್ಮ ಆಗಿದ್ದಿದ್ರೆ ಕಿಟಕಿಯಿಂದ ಹಾರಿಬಿಡ್ತಿದ್ದೆ. ಅಕ್ಕ ತಾನೇ.’

ನಾನು ಮೇಜಿನ ಮೇಲಿನ ಹಾಳೆಗಳನ್ನು ಜೋಡಿಸತೊಡಗಿದೆ. ಅವರು ತಲೆಯೆತ್ತಿ ನನ್ನನ್ನೇ ನೋಡಿ ಇನ್ನೊಂದು ಸಲ ಕೇಳಿದರು. ‘ಅಕ್ಕ ತಾನೇ?’

ಹೌದು, ಅಕ್ಕ ತಾನೇ ಎಂದೆ.

ಪುಸ್ತಕವನ್ನು ಅಚ್ಚಿಗೆ ಕೊಡು. ಅವರು ಹೇಳಿದ ಸಾಲನ್ನು ಸೇರಿಸು. ಬಣ್ಣದಜ್ಜಿಯ ಹತ್ತಿರ ನಾನು ಇನ್ನು ಹೋಗುವುದಿಲ್ಲ, ಅವಳು ಕಾಯಲಿ. ವಂಶವೃಕ್ಷದಲ್ಲಿ ಅಕ್ಕ ಎಲ್ಲಿದ್ದಾಳೋ ಅಲ್ಲೇ ಇರಲಿ. ಅವಳ ಕೆಳಗೆ ‘ಮಕ್ಕಳಿಲ್ಲ’ ಎಂದು ಪೆನ್ಸಿಲಿನಲ್ಲಿ ಬರೆದಿದ್ದೀಯಲ್ಲ, ಅದನ್ನು ಶಾಯಿಯಲ್ಲಿ ಬರೆ.